ಮಗಳು ಓಡುತ್ತಾಳೆ, ಎಷ್ಟು ವರ್ಷ ಓಡಬಹುದು? ಮಹಿಳಾ ಅಥ್ಲೀಟ್‌ಗಳ ವೃತ್ತಿಜೀವನದ ಬಗ್ಗೆ ಒಂದು ಪ್ರಶ್ನೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹದಿನೇಳು ವರ್ಷ. ದ್ವಿತೀಯ ಪಿಯುಸಿ ಓದುತ್ತಾ ಮೂರು ವರ್ಷಗಳಿಂದ ಕ್ರೀಡಾ ಹಾಸ್ಟೆಲಿನಲ್ಲಿದ್ದಾಳೆ. 400 ಮೀಟರ್ ಹರ್ಡಲ್ಸ್ ಅವಳ ಸ್ಪರ್ಧೆ. ಕಳೆದ ವರ್ಷ ರಾಜ್ಯ ಕೂಟದಲ್ಲಿ ಪದಕ ಬಂದಾಗ ಬೆನ್ನು ತಟ್ಟಿದ ನೆಂಟರೇ ಈ ಬೇಸಿಗೆಯಲ್ಲಿ ಮದುವೆಮನೆಯೊಂದರಲ್ಲಿ "ಇನ್ನೆಷ್ಟು ದಿನ ಓಡಿಸ್ತೀರಿ?" ಎಂದು ಕೇಳಿದರು. ಏನು ಹೇಳಬೇಕೆಂದು ಹೊಳೆಯದೆ ಸುಮ್ಮನೆ ನಕ್ಕು ಬಂದೆ.

ಮನೆಗೆ ಬಂದವನು ಓದಲು ಕುಳಿತೆ. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಸೇರಿದ್ದೇ 1984ರ ಲಾಸ್ ಏಂಜಲೀಸ್ ಕೂಟದಲ್ಲಿ. ಅಂದು ಪಿ.ಟಿ. ಉಷಾ 55.42 ಸೆಕೆಂಡುಗಳಲ್ಲಿ ಓಡಿ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಕಥೆ ನಮ್ಮ ತಲೆಮಾರಿಗೆಲ್ಲ ಬಾಯಿಪಾಠ. ಆದರೆ ಅವರ ವಯಸ್ಸನ್ನು ನಾನು ಎಂದೂ ಲೆಕ್ಕ ಹಾಕಿರಲಿಲ್ಲ. ಆಗ ಅವರಿಗೆ ಇಪ್ಪತ್ತು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ ಗೆದ್ದಾಗ ಇಪ್ಪತ್ತೆರಡು. 1990ರ ಬೀಜಿಂಗ್ ಏಷ್ಯನ್ ಕೂಟ ಮುಗಿಸಿ ಸಾಕು ಎಂದಾಗ ಇಪ್ಪತ್ತಾರು. ದೇಶ ಕಂಡ ಅತಿ ದೊಡ್ಡ ಓಟಗಾರ್ತಿಯ ಮೊದಲ ಇನಿಂಗ್ಸ್ ಅಷ್ಟಕ್ಕೇ ಮುಗಿದಿತ್ತು. ಅವರ 55.42ರ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಲು ಮಾತ್ರ ಮೂವತ್ತೊಂಬತ್ತು ವರ್ಷ ಬೇಕಾಯಿತು. 2023ರ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ತಮಿಳುನಾಡಿನ ವಿತ್ಯಾ ರಾಮರಾಜ್ ಸರಿಯಾಗಿ ಅದೇ ಸಮಯದಲ್ಲಿ ಓಡಿದರು.

ನನ್ನ ಪ್ರಶ್ನೆ ನೇರವಾಗಿದೆ. ಉನ್ನತ ಮಟ್ಟದ ಮಹಿಳಾ ಅಥ್ಲೀಟ್‌ಗಳ ಓಟ ನಿಜವಾಗಿ ನಿಲ್ಲುವುದು ಯಾವಾಗ, ಯಾವ ಕಾರಣಕ್ಕೆ? ಅವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ? ತಿಳಿದವರು ಹೇಳಬೇಕು.

ಮೂರನೇ ಬೇಟನ್

ಸರ್, ನಾನು ರಾಜ್ಯ ತಂಡದ 4x400 ರಿಲೇಯಲ್ಲಿ ಏಳು ವರ್ಷ ಓಡಿದವಳು. ಉನ್ನತ ಮಟ್ಟ ಎನ್ನುವಷ್ಟು ದೊಡ್ಡವಳಲ್ಲ. ಆದರೆ ಆ ಮಟ್ಟದವರ ಜೊತೆ ಕ್ಯಾಂಪುಗಳಲ್ಲಿ ಕೋಣೆ ಹಂಚಿಕೊಂಡಿದ್ದೇನೆ. ನಾನು ಕಂಡಂತೆ ಓಟ ನಿಲ್ಲಲು ಕಾಲು ಸೋಲಬೇಕಾಗಿಲ್ಲ, ನೌಕರಿಯ ಫೈಲು ಸಾಕು.

ನಮ್ಮ ದೇಶದಲ್ಲಿ ಅಥ್ಲೀಟ್ ಆಗುವುದೆಂದರೆ ಬಹುಪಾಲು ಜನರಿಗೆ ಕ್ರೀಡಾ ಕೋಟಾದ ಕೆಲಸ ಹಿಡಿಯುವುದು ಎಂದೇ ಅರ್ಥ. ರೈಲ್ವೆ, ಪೊಲೀಸ್, ಸೇನಾಪಡೆ, ಬ್ಯಾಂಕು, ತೈಲ ಕಂಪನಿಗಳು ಕೊಡುವ ಸಂಬಳವೇ ನಮ್ಮ ಪ್ರಾಯೋಜಕತ್ವ. ಉಷಾ ಅವರೂ ದಕ್ಷಿಣ ರೈಲ್ವೆಯ ನೌಕರರಾಗಿದ್ದರು, ಶೈನಿ ವಿಲ್ಸನ್ ಭಾರತೀಯ ಆಹಾರ ನಿಗಮದಲ್ಲಿದ್ದರು. ಈ ವ್ಯವಸ್ಥೆಯನ್ನು ನಾನು ಹಗುರವಾಗಿ ಕಾಣಲಾರೆ, ನನ್ನ ತಮ್ಮನ ಓದು ಮುಗಿದದ್ದೇ ಅದರಿಂದ. ಆದರೆ ಕೆಲಸ ಸಿಗುವ ವಯಸ್ಸು ಇಪ್ಪತ್ತೊಂದರಿಂದ ಇಪ್ಪತ್ತನಾಲ್ಕು. ಆ ಹೊತ್ತಿಗೆ ಪ್ರೊಬೇಷನ್ ಅವಧಿ, ಬೇರೆ ಊರಿಗೆ ವರ್ಗ, ಅಭ್ಯಾಸಕ್ಕೆ ಅರ್ಧ ದಿನದ ಅನುಮತಿ ಕೊಡಲು ತಿಂಗಳುಗಟ್ಟಲೆ ಸತಾಯಿಸುವ ಮೇಲಧಿಕಾರಿ, ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. 400 ಮೀಟರ್ ಓಟಗಾರ್ತಿ ಮಾಗುವ ವಯಸ್ಸೂ ಸರಿಯಾಗಿ ಅದೇ.

ಮಧ್ಯಮ ದೂರದ ಓಟಗಾರ್ತಿ ಹರ್ಮಿಲನ್ ಬೈನ್ಸ್ ತಮ್ಮ ತಾಯಿಯ ಬಗ್ಗೆ ಸಂದರ್ಶನಗಳಲ್ಲಿ ಹೇಳಿರುವ ಸಂಗತಿಯೊಂದು ನನ್ನನ್ನು ಬಹಳ ಕಾಡಿದೆ. ತಾಯಿ ಮಾಧುರಿ ಸಕ್ಸೇನಾ ಕೂಡ ಓಟಗಾರ್ತಿ. ಸರ್ಕಾರಿ ಸಂಸ್ಥೆಯೊಂದರ ಕೆಲಸಕ್ಕಾಗಿ ಅವರು 1500 ಮೀಟರ್ ಟ್ರಯಲ್ಸ್ ಓಡಬೇಕಾಗಿ ಬಂದಾಗ ಮೂರು ತಿಂಗಳ ಗರ್ಭಿಣಿ, ಹೊಟ್ಟೆಯಲ್ಲಿದ್ದದ್ದು ಇದೇ ಹರ್ಮಿಲನ್. ಅದೇ ತಾಯಿ 2002ರ ಬುಸಾನ್ ಏಷ್ಯನ್ ಕೂಟದ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಮಗಳು 2023ರಲ್ಲಿ ಹಾಂಗ್‌ಝೌದಲ್ಲಿ 800 ಮತ್ತು 1500 ಎರಡರಲ್ಲೂ ಬೆಳ್ಳಿ ಗೆದ್ದಳು. ಪತ್ರಿಕೆಗಳಲ್ಲಿ ಇದು ಸ್ಫೂರ್ತಿಯ ಕಥೆಯಾಗಿ ಬಂತು. ಕೆಲಸ ಉಳಿಸಿಕೊಳ್ಳಲು ಗರ್ಭಿಣಿಯೊಬ್ಬಳು ಟ್ರ್ಯಾಕಿಗೆ ಇಳಿಯಬೇಕಾದ ನಿಯಮದ ಕಥೆಯಾಗಿ ಅದನ್ನು ಓದಿದವರು ಕಡಿಮೆ.

ನನ್ನದು ಸಣ್ಣ ಕಥೆ. ಮದುವೆಯ ನಂತರವೂ ಒಂದು ಋತು ಓಡಿದೆ. ಮಗುವಾದ ಮೇಲೆ ಮತ್ತೆ ಅಭ್ಯಾಸಕ್ಕೆ ಅನುಮತಿ ಕೇಳಿದಾಗ ಕಚೇರಿಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಅರ್ಜಿಯ ಮೇಲೆ ಸಹಿಯನ್ನೂ ಹಾಕಲಿಲ್ಲ. ಮುಂದಿನ ವರ್ಷ ನಾನೇ ಕೇಳುವುದನ್ನು ಬಿಟ್ಟೆ.

ಹೆಂಗೆಲೊ ಕನ್ನಡಿಗ

ನಾನು ನೆದರ್ಲೆಂಡ್ಸ್‌ನ ಪೂರ್ವ ಅಂಚಿನಲ್ಲಿರುವ ಹೆಂಗೆಲೊ ಎಂಬ ಊರಿನಲ್ಲಿದ್ದೇನೆ. ಇಲ್ಲಿನ ಕ್ರೀಡಾಂಗಣಕ್ಕೆ ಫ್ಯಾನಿ ಬ್ಲಾಂಕರ್ಸ್-ಕೂನ್ ಅವರ ಹೆಸರಿದೆ. ಹದಿನೆಂಟನೇ ವಯಸ್ಸಿನಲ್ಲಿ ಬರ್ಲಿನ್ ಒಲಿಂಪಿಕ್ಸ್ ಓಡಿದ ಆಕೆಗೆ ಯುದ್ಧದಿಂದಾಗಿ 1940 ಮತ್ತು 1944ರ ಎರಡೂ ಒಲಿಂಪಿಕ್ಸ್ ತಪ್ಪಿಹೋದವು. 1948ರಲ್ಲಿ ಲಂಡನ್ನಿಗೆ ಹೋದಾಗ ವಯಸ್ಸು ಮೂವತ್ತು, ಮನೆಯಲ್ಲಿ ಇಬ್ಬರು ಮಕ್ಕಳು. ವಯಸ್ಸಾಯಿತು, ಮಕ್ಕಳನ್ನು ನೋಡಿಕೊಂಡಿರಲಿ ಎಂದು ಬರೆದವರೂ ಇದ್ದರು. ಆಕೆ 100 ಮೀಟರ್, 200 ಮೀಟರ್, 80 ಮೀಟರ್ ಹರ್ಡಲ್ಸ್ ಮತ್ತು 4x100 ರಿಲೇಯಲ್ಲಿ ನಾಲ್ಕು ಚಿನ್ನ ಗೆದ್ದು ಬಂದರು. ಎತ್ತರ ಜಿಗಿತ ಮತ್ತು ಉದ್ದ ಜಿಗಿತದ ವಿಶ್ವದಾಖಲೆಗಳೂ ಆಗ ಅವರ ಹೆಸರಿನಲ್ಲೇ ಇದ್ದವು. ಒಬ್ಬರು ಇಷ್ಟೇ ಸ್ಪರ್ಧೆಗಳಲ್ಲಿ ಓಡಬೇಕೆಂಬ ಮಿತಿಯಿಂದಾಗಿ ಅವನ್ನು ಬಿಡಬೇಕಾಯಿತು. ಅಷ್ಟಾದರೂ ಪತ್ರಿಕೆಗಳು ಕೊಟ್ಟ ಬಿರುದು "ಹಾರುವ ಗೃಹಿಣಿ".

ಹಾಗಾಗಿ ತಾಯ್ತನದ ನಂತರ ದೇಹ ವೇಗವಾಗಿ ಓಡಬಲ್ಲದೇ ಎಂಬ ಪ್ರಶ್ನೆಗೆ 1948ರಲ್ಲೇ ಉತ್ತರ ಸಿಕ್ಕಿತ್ತು. ಉತ್ತರ ಸಿಗದೆ ಉಳಿದದ್ದು ಗರ್ಭಿಣಿಯಾದಾಗಿನಿಂದ ಮತ್ತೆ ಟ್ರ್ಯಾಕಿಗೆ ಮರಳುವವರೆಗಿನ ಖರ್ಚು ಯಾರದ್ದು ಎಂಬ ಪ್ರಶ್ನೆಗೆ.

ಅಮೆರಿಕದ ಅಲಿಸನ್ ಫೆಲಿಕ್ಸ್ 2018ರ ನವೆಂಬರಿನಲ್ಲಿ ತೀವ್ರ ರಕ್ತದೊತ್ತಡದ ತೊಂದರೆಯಿಂದ ತುರ್ತು ಶಸ್ತ್ರಚಿಕಿತ್ಸೆಗೆ ಒಳಗಾಗಿ, 32ನೇ ವಾರದಲ್ಲೇ ಮಗಳನ್ನು ಹೆತ್ತರು. ಅವರ ಬಳಿ ಆಗ ಆರು ಒಲಿಂಪಿಕ್ ಚಿನ್ನಗಳಿದ್ದವು. ಆದರೂ ನೈಕಿ ಕಂಪನಿ ಹೊಸ ಒಪ್ಪಂದದಲ್ಲಿ ಶೇ. 70ರಷ್ಟು ಕಡಿಮೆ ಹಣ ಕೊಡಲು ಮುಂದಾಯಿತು ಎಂದು ಅವರು 2019ರ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಬರೆದರು. ಹೆರಿಗೆಯ ನಂತರದ ತಿಂಗಳುಗಳಲ್ಲಿ ಓಟ ಮಂದವಾದರೆ ಅದಕ್ಕೆ ದಂಡ ಹಾಕುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಡಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು. ಗದ್ದಲವಾಯಿತು. ಅದೇ ಆಗಸ್ಟಿನಲ್ಲಿ ಕಂಪನಿ ಗರ್ಭಿಣಿ ಅಥ್ಲೀಟ್‌ಗಳ ಹಣವನ್ನು 18 ತಿಂಗಳು ಕಡಿತಗೊಳಿಸುವುದಿಲ್ಲ ಎಂದು ನಿಯಮ ಬದಲಿಸಿತು. ಫೆಲಿಕ್ಸ್ ಅಷ್ಟರಲ್ಲಿ ಬೇರೆಡೆ ಹೋಗಿದ್ದರು. ಟೋಕಿಯೊದಲ್ಲಿ ತಮ್ಮದೇ ಬ್ರ್ಯಾಂಡಿನ ಸ್ಪೈಕ್ಸ್ ತೊಟ್ಟು 400 ಮೀಟರ್‌ನಲ್ಲಿ ಕಂಚು, ರಿಲೇಯಲ್ಲಿ ಚಿನ್ನ ಗೆದ್ದು ಪದಕಗಳ ಸಂಖ್ಯೆಯನ್ನು ಹನ್ನೊಂದಕ್ಕೆ ಏರಿಸಿದರು.

ಕೀನ್ಯಾದ ಫೇತ್ ಕಿಪ್ಯೆಗೊನ್ 2018ರಲ್ಲಿ ತಾಯಿಯಾದರು. ನಂತರ ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಕಡೆ 1500 ಮೀಟರ್ ಚಿನ್ನ ಗೆದ್ದು, 2025ರಲ್ಲಿ 3 ನಿಮಿಷ 48.68 ಸೆಕೆಂಡುಗಳ ವಿಶ್ವದಾಖಲೆ ಬರೆದರು. ಜಮೈಕಾದ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ 2017ರಲ್ಲಿ ಮಗನನ್ನು ಹೆತ್ತು, 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 10.71 ಸೆಕೆಂಡುಗಳಲ್ಲಿ 100 ಮೀಟರ್ ಗೆದ್ದರು. ವಯಸ್ಸಿನ ಮಾತಿಗೆ ಬಂದರೆ ಮರ್ಲೀನ್ ಓಟಿ ಐವತ್ತೆರಡರಲ್ಲೂ ಯುರೋಪಿಯನ್ ಚಾಂಪಿಯನ್‌ಷಿಪ್‌ನ ರಿಲೇ ಓಡಿದ್ದಾರೆ. ಅದನ್ನು ಮಾತ್ರ ಯಾರೂ ಮಾದರಿಯಾಗಿ ಇಟ್ಟುಕೊಳ್ಳಬೇಕಾಗಿಲ್ಲ.

ಸಂದೇಹಿ

ಈ ಉದಾಹರಣೆಗಳೆಲ್ಲ ಚೆನ್ನಾಗಿವೆ. ಆದರೆ ಇವರೆಲ್ಲ ಕಂಪನಿಗಳ ಜೊತೆ ವಕೀಲರನ್ನಿಟ್ಟುಕೊಂಡು ಮಾತಾಡಬಲ್ಲವರು. ನಮ್ಮಲ್ಲಿ ಹೆರಿಗೆಯ ನಂತರ ಮರಳಿ ಬಂದವರು ಯಾರಿದ್ದಾರೆ? ಮೂರನೇ ಬೇಟನ್ ಅವರು ಬರೆದದ್ದೇ ವಾಸ್ತವ.

ದೈ.ಶಿ. ವಿರಾಜಪೇಟೆ

ಇದ್ದಾರೆ ಸರ್, ದೈಹಿಕ ಶಿಕ್ಷಣ ಕಲಿಸುವ ನನಗೆ ಗೊತ್ತಿರುವಂತೆ ನಮ್ಮೂರಿನ ಕಡೆಯವರೇ ಇದ್ದಾರೆ. ಕೊಡಗಿನ ಪ್ರಮೀಳಾ ಅಯ್ಯಪ್ಪ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹೆಪ್ಟಾಥ್ಲಾನ್ ಆಡಿದರು. ಆಮೇಲೆ ಮಗಳು ಹುಟ್ಟಿದಳು. ಆ ತಾಯಿ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೂ ಹೋಗಿ, 2010ರ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಕಂಚು ಗೆದ್ದರು. ಎರಡು ದಿನಗಳಲ್ಲಿ ಏಳು ಸ್ಪರ್ಧೆಗಳನ್ನು ಮುಗಿಸಬೇಕಾದ ಹೆಪ್ಟಾಥ್ಲಾನ್‌ನಲ್ಲಿ ಇದನ್ನು ಸಾಧಿಸುವುದು ಎಷ್ಟು ಕಷ್ಟವೆಂದು ಕ್ರೀಡಾಂಗಣದ ಬಿಸಿಲಲ್ಲಿ ನಿಂತವರಿಗೆ ಗೊತ್ತು. ಮಗಳು ಉನ್ನತಿ ಈಗ ಹರ್ಡಲ್ಸ್ ಓಡುತ್ತಾಳೆ.

ಶೈನಿ ವಿಲ್ಸನ್ ಇನ್ನೊಬ್ಬರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಭಾರತದ ಧ್ವಜ ಹಿಡಿದು ನಡೆದ ಮೊದಲ ಮಹಿಳೆ. ತಾಯಿಯಾದ ನಂತರ, 1995ರ ಚೆನ್ನೈ ದಕ್ಷಿಣ ಏಷ್ಯಾ ಕೂಟದಲ್ಲಿ ಅವರು 800 ಮೀಟರನ್ನು 1 ನಿಮಿಷ 59.85 ಸೆಕೆಂಡಿನಲ್ಲಿ ಓಡಿದರು. ಉಷಾ ಅವರ ಶಿಷ್ಯೆ ಟಿಂಟು ಲೂಕಾ 2010ರಲ್ಲಿ ಅದನ್ನು ಮುರಿಯುವವರೆಗೆ ಹದಿನೈದು ವರ್ಷ ಆ ದಾಖಲೆ ಉಳಿದಿತ್ತು. ತುಂಗಾತೀರ ಅವರೇ, ಉಷಾ ಅವರ ಲೆಕ್ಕವನ್ನು ನೀವು ಇಪ್ಪತ್ತಾರಕ್ಕೆ ನಿಲ್ಲಿಸಿದ್ದೀರಿ. ಮದುವೆಯಾಗಿ, ಮಗನಾದ ಮೇಲೆ ಅವರು ಮರಳಿ ಬಂದು 1998ರ ಫುಕುವೋಕಾ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 4x100 ರಿಲೇ ಚಿನ್ನ ಗೆದ್ದಾಗ ವಯಸ್ಸು ಮೂವತ್ತನಾಲ್ಕು.

ಇವರ ಬದುಕುಗಳಲ್ಲಿ ಒಂದು ಹೋಲಿಕೆ ಇದೆ. ಪ್ರಮೀಳಾ ಅವರ ಪತಿ ಬಿ.ಪಿ. ಅಯ್ಯಪ್ಪ ಎತ್ತರ ಜಿಗಿತಗಾರರು, ಶೈನಿ ಅವರ ಪತಿ ವಿಲ್ಸನ್ ಚೆರಿಯನ್ ಈಜುಗಾರರು. ಬೆಂಗಳೂರಿನಲ್ಲೇ ನೆಲೆಸಿರುವ ಅಂಜು ಬಾಬಿ ಜಾರ್ಜ್ ಅವರಿಗೆ ಪತಿಯೇ ಕೋಚ್. ಬೆಳಗಿನ ಐದಕ್ಕೆ ಎದ್ದು ಟ್ರ್ಯಾಕಿಗೆ ಹೋಗುವ ಸೊಸೆಯನ್ನು ವಿವರಣೆ ಕೇಳದ ಮನೆ ಇವರಿಗೆ ಸಿಕ್ಕಿತ್ತು. ಇದನ್ನು ಅದೃಷ್ಟ ಎನ್ನಬೇಕಾಗಿ ಬಂದಿರುವುದೇ ನನಗೆ ಬೇಸರ. ವ್ಯವಸ್ಥೆ ಮಾಡಬೇಕಾದ ಕೆಲಸವನ್ನು ಗಂಡನೊಬ್ಬ ಮಾಡಿದ್ದಾನೆ.

ಅಂಜು ಅವರದ್ದು 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನ 6.70 ಮೀಟರ್ ಜಿಗಿತದ ಕಂಚು, 2004ರ ಅಥೆನ್ಸ್ ಒಲಿಂಪಿಕ್ಸ್‌ನ 6.83 ಮೀಟರ್ ಜಿಗಿತದ ಆರನೇ ಸ್ಥಾನ. ಆ 6.83 ಇಂದಿಗೂ ರಾಷ್ಟ್ರೀಯ ದಾಖಲೆ. ತಮಗೆ ಇರುವುದು ಒಂದೇ ಮೂತ್ರಪಿಂಡ ಎಂದು ಅವರು 2020ರಲ್ಲಿ ಬಹಿರಂಗಪಡಿಸಿದಾಗ ನಮ್ಮ ಶಾಲೆಯ ಮಕ್ಕಳು ನಂಬಲಿಲ್ಲ.

ಸಂದೇಹಿ

ಒಂದು ತಿದ್ದುಪಡಿ: ಅಥೆನ್ಸ್‌ನಲ್ಲಿ ಅಂಜು ಅವರ ಸ್ಥಾನ ಈಗ ಐದನೆಯದು. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಮರಿಯನ್ ಜೋನ್ಸ್ ಅವರ ಫಲಿತಾಂಶ ರದ್ದಾದ ನಂತರ ಅವರ ಹಿಂದಿದ್ದವರೆಲ್ಲ ಒಂದೊಂದು ಸ್ಥಾನ ಮೇಲೇರಿದರು. ಉಳಿದದ್ದನ್ನು ಒಪ್ಪುತ್ತೇನೆ.

ಮದ್ದಿನ ಮಾತು ಬಂದಿತೆಂದು ಕೇಳುತ್ತೇನೆ, ಈ ಚರ್ಚೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲವೇಕೆ? ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನ, ಗುವಾಂಗ್‌ಝೌದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಯ ಎರಡು ಚಿನ್ನ ಗೆದ್ದು ಮನೆಮಾತಾದರು. ಮರುವರ್ಷವೇ ರಿಲೇ ತಂಡದ ಹಲವರೊಂದಿಗೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು.

ಮೂರನೇ ಬೇಟನ್

ಯಾರೂ ಎತ್ತಲಿಲ್ಲ ಎಂಬುದು ನಿಜ, ಬಹುಶಃ ನಮಗೆ ನೋವಾಗುತ್ತದೆ ಎಂಬ ಕಾರಣಕ್ಕೆ. ಆ ಹುಡುಗಿಯರು ತಾವು ಸೇವಿಸಿದ್ದು ಕೋಚ್ ಕೊಟ್ಟ ಪೂರಕ ಆಹಾರ ಎಂದರು. ವಿದೇಶಿ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ಕೆಲಸದಿಂದ ತೆಗೆದರು. ಒಂದು ವರ್ಷವಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಕ್ಕೆ ಏರಿಸಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ದೇಹದೊಳಗೆ ಏನು ಹೋಯಿತೋ ಅದಕ್ಕೆ ಅಥ್ಲೀಟೇ ಹೊಣೆ ಎಂಬುದು ನಿಯಮ. ಆ ನಿಯಮ ಇಲ್ಲದಿದ್ದರೆ ಎಲ್ಲರೂ ಕೋಚ್ ಕಡೆ ಬೆರಳು ತೋರಿಸಿ ಪಾರಾಗುತ್ತಾರೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಕ್ಯಾಂಪಿನಲ್ಲಿ "ಇದು ತಗೋ" ಎಂದು ಕೈಗಿಟ್ಟ ಮಾತ್ರೆಯ ಹೆಸರು ಕೇಳುವ ಧೈರ್ಯ ಹತ್ತೊಂಬತ್ತು ವರ್ಷದ ನನಗೂ ಇರಲಿಲ್ಲ. ತುಂಗಾತೀರ ಸರ್, ಮಗಳಿಗೆ ಇದೊಂದನ್ನು ಕಲಿಸಿ. ಡಬ್ಬಿಯ ಮೇಲಿನ ಚೀಟಿ ಓದದೆ, ಫೋಟೊ ತೆಗೆದುಕೊಳ್ಳದೆ ಏನನ್ನೂ ನುಂಗಬಾರದು.

ಫಿಜಿಯೊ, ಬೆಂಗಳೂರು

ನೌಕರಿ, ಒಪ್ಪಂದ, ಕುಟುಂಬ ಎಲ್ಲವೂ ಚರ್ಚೆಗೆ ಬಂದವು. ಇವುಗಳಿಗೆ ಮುಂಚೆಯೇ, ಹದಿನಾರರಿಂದ ಇಪ್ಪತ್ತರೊಳಗೆ ಮುಗಿದುಹೋಗುವ ವೃತ್ತಿಜೀವನಗಳ ಬಗ್ಗೆ ನಾನು ಬರೆಯುತ್ತೇನೆ. ನನ್ನ ಟೇಬಲ್ಲಿಗೆ ಬರುವವರು ಅವರೇ.

ಅಭ್ಯಾಸ ಹೆಚ್ಚಾಗಿ ಊಟ ಅದಕ್ಕೆ ತಕ್ಕಂತೆ ಹೆಚ್ಚದಿದ್ದಾಗ ದೇಹ ಖರ್ಚು ಕಡಿತಗೊಳಿಸಲು ಶುರುಮಾಡುತ್ತದೆ. ಮೊದಲ ಕತ್ತರಿ ಬೀಳುವುದು ಸಾಮಾನ್ಯವಾಗಿ ಮುಟ್ಟಿನ ಚಕ್ರಕ್ಕೆ. ಈಸ್ಟ್ರೊಜನ್ ಕುಸಿಯುತ್ತದೆ, ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಟೊಳ್ಳಾಗುತ್ತದೆ, ಮೊಣಕಾಲಿನ ಕೆಳಗೆ ಅಥವಾ ಪಾದದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟಿತು. ಮುಟ್ಟು ನಿಂತರೆ "ಒಳ್ಳೇ ಫಿಟ್ ಆಗಿದ್ದೀಯ" ಎನ್ನುವ ಕೋಚ್‌ಗಳು ಇಂದಿಗೂ ಇದ್ದಾರೆ. ಅಮೆರಿಕದ ಮೇರಿ ಕೇನ್ ಹದಿನೇಳನೇ ವಯಸ್ಸಿಗೇ ವಿಶ್ವ ಚಾಂಪಿಯನ್‌ಷಿಪ್ ಓಡಿದ ಪ್ರತಿಭೆ. ತೂಕ ಇಳಿಸೆಂಬ ಒತ್ತಡದಲ್ಲಿ ತನಗೆ ಮೂರು ವರ್ಷ ಮುಟ್ಟೇ ಆಗಲಿಲ್ಲ, ಐದು ಮೂಳೆಗಳು ಮುರಿದವು ಎಂದು ಆಕೆ 2019ರಲ್ಲಿ ಹೇಳಿದಾಗ ಆ ದೇಶ ಬೆಚ್ಚಿತು.

ನಮ್ಮಲ್ಲಿ ಒತ್ತಡಕ್ಕಿಂತ ಹೆಚ್ಚಾಗಿ ಅಲಕ್ಷ್ಯದಿಂದ ಇದೇ ಆಗುತ್ತದೆ. ಲಾಸ್ ಏಂಜಲೀಸ್‌ನ ಕ್ರೀಡಾಗ್ರಾಮದಲ್ಲಿ ಹೊಂದುವ ಊಟ ಸಿಗದೆ ಗಂಜಿ ಮತ್ತು ಉಪ್ಪಿನಕಾಯಿ ತಿಂದು ಓಡಿದೆ, ಕೊನೆಯ 35 ಮೀಟರ್‌ನಲ್ಲಿ ಶಕ್ತಿ ಉಳಿಯದಿದ್ದದ್ದಕ್ಕೆ ಅದೂ ಕಾರಣ ಎಂದು ಉಷಾ ಅವರೇ ಹೇಳಿದ್ದಾರೆ. ಸೆಕೆಂಡಿನ ನೂರನೇ ಒಂದು ಭಾಗದ ಬಗ್ಗೆ ನಲವತ್ತು ವರ್ಷ ಮಾತಾಡಿದ್ದೇವೆ, ಗಂಜಿಯ ಬಗ್ಗೆ ಅಷ್ಟು ಮಾತಾಡಿಲ್ಲ.

ಹೆಣ್ಣಿನ ದೇಹವನ್ನು ಕ್ರೀಡಾ ಆಡಳಿತ ನೋಡಿದ ಇನ್ನೊಂದು ರೀತಿಯೂ ವೃತ್ತಿಗಳನ್ನು ಮುಗಿಸಿದೆ. 2006ರ ದೋಹಾ ಏಷ್ಯನ್ ಕೂಟದ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರರಾಜನ್ ಅವರ ಪದಕವನ್ನು ಲಿಂಗ ಪರೀಕ್ಷೆಯ ನಂತರ ಕಿತ್ತುಕೊಂಡರು. ಸುದ್ದಿ ಆಕೆಗಿಂತ ಮೊದಲು ಟಿವಿಗೆ ತಲುಪಿತ್ತು. ಮುಂದೆ ಆಕೆ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಬೇಕಾಯಿತು, ಆಮೇಲೆಯೇ ಕೋಚ್ ಆದರು. ದ್ಯುತಿ ಚಾಂದ್ ಅವರನ್ನು 2014ರಲ್ಲಿ ಹಾರ್ಮೋನ್ ಪ್ರಮಾಣದ ಕಾರಣಕ್ಕೆ ತಂಡದಿಂದ ಕೈಬಿಟ್ಟಾಗ ಆಕೆ ಕ್ರೀಡಾ ನ್ಯಾಯಮಂಡಳಿಗೆ ಹೋಗಿ, 2015ರಲ್ಲಿ ಆ ನಿಯಮಕ್ಕೇ ತಡೆ ತಂದರು. 2025ರ ಸೆಪ್ಟೆಂಬರಿನಿಂದ ವಿಶ್ವ ಮಟ್ಟದ ಮಹಿಳಾ ಸ್ಪರ್ಧೆಗಳಿಗೆ ಒಂದು ಬಾರಿಯ ಜೀನ್ ಪರೀಕ್ಷೆ ಕಡ್ಡಾಯವಾಗಿದೆ. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ಫಲಿತಾಂಶವನ್ನು ಹದಿನೆಂಟು ವರ್ಷದ ಹುಡುಗಿಗೆ ಯಾರು, ಹೇಗೆ ಹೇಳುತ್ತಾರೆ ಎಂಬುದೇ ನನ್ನ ಚಿಂತೆ.

ತುಂಗಾತೀರ ಅವರೇ, ನೀವು ಮಾಡಬೇಕಾದ್ದು ಇಷ್ಟೇ: ಹಿಮೋಗ್ಲೋಬಿನ್ ಜೊತೆಗೆ, ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಮೂರು ತಿಂಗಳು ಮುಟ್ಟು ತಪ್ಪಿದರೆ ಸ್ತ್ರೀರೋಗ ತಜ್ಞರಲ್ಲಿ ತೋರಿಸಿ. ಇದನ್ನು ಅಪ್ಪನಿಗೆ ಹೇಳಲು ಮಗಳು ಸಂಕೋಚಪಡದಂತೆ ಈಗಲೇ ಮಾತಾಡಿ.

ಹೆಂಗೆಲೊ ಕನ್ನಡಿಗ

ಓಟ ನಿಂತ ಮೇಲಿನ ಬದುಕಿನ ಬಗ್ಗೆಯೂ ಒಂದು ಮಾತು. 1984ರ ಅದೇ ಹರ್ಡಲ್ಸ್ ಫೈನಲ್ ಗೆದ್ದ ಮೊರಾಕೊದ ನವಾಲ್ ಎಲ್ ಮುತವಕ್ಕಿಲ್ ಮುಂದೆ ತಮ್ಮ ದೇಶದ ಕ್ರೀಡಾ ಮಂತ್ರಿಯಾದರು, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಉಪಾಧ್ಯಕ್ಷೆಯೂ ಆದರು. ನಾಲ್ಕನೆಯವರಾದ ಉಷಾ ಕೋಯಿಕ್ಕೋಡ್ ಜಿಲ್ಲೆಯಲ್ಲಿ ಶಾಲೆ ಕಟ್ಟಿದರು, 2022ರಲ್ಲಿ ರಾಜ್ಯಸಭೆಗೆ ಹೋಗಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆಯಾದರು. ನಿಯಮ ಬರೆಯುವ ಮೇಜಿನಲ್ಲಿ ಓಡಿದವರೇ ಕುಳಿತಿದ್ದಾರೆ, ಹಾಗಾದರೆ ನೌಕರಿಯಲ್ಲಿರುವ ಅಥ್ಲೀಟ್‌ಗೆ ಹೆರಿಗೆಯ ನಂತರ ಮರಳಲು ಲಿಖಿತ ಭರವಸೆ ಏಕೆ ಇಲ್ಲ ಎಂದು ಅವರನ್ನೇ ಕೇಳಬಹುದಲ್ಲವೇ?

ದೈ.ಶಿ. ವಿರಾಜಪೇಟೆ

ಕೇಳಲೇಬೇಕು. ನಮ್ಮ ಅಶ್ವಿನಿ ನಾಚಪ್ಪ ಅವರನ್ನೂ ಮರೆಯಬೇಡಿ. ದೇಶದ ಕೂಟದಲ್ಲಿ ಉಷಾ ಅವರನ್ನೇ ಹಿಂದಿಕ್ಕಿದವರು, ಸಿನಿಮಾದಲ್ಲಿ ನಟಿಸಿ ಗೋಣಿಕೊಪ್ಪದಲ್ಲಿ ಓದು ಮತ್ತು ಆಟ ಎರಡನ್ನೂ ಕಲಿಸುವ ಶಾಲೆ ನಡೆಸುತ್ತಿದ್ದಾರೆ. ಬೆಂಗಳೂರಿನಲ್ಲಿ ಅಂಜು ದಂಪತಿ ತರಬೇತಿ ಕೊಟ್ಟ ಶೈಲಿ ಸಿಂಗ್ 2021ರಲ್ಲಿ ನೈರೋಬಿಯ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.59 ಮೀಟರ್ ಜಿಗಿದು ಬೆಳ್ಳಿ ಗೆದ್ದಳು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆ. ಭಾನುವಾರ ಹಾಸ್ಟೆಲಿಗೆ ಹೋಗಿ ಈ ಚರ್ಚೆಯನ್ನು ಮಗಳಿಗೆ ಓದಲು ಕೊಟ್ಟೆ. ರಕ್ತಪರೀಕ್ಷೆಗೆ ಒಪ್ಪಿದಳು. ಮುಟ್ಟಿನ ವಿಷಯವನ್ನು ಫಿಜಿಯೊ ಅವರು ಬರೆದಿದ್ದರಿಂದ ನಾನು ಬಾಯಿ ಬಿಟ್ಟು ಕೇಳುವ ಕಷ್ಟ ತಪ್ಪಿತು, ಅವಳೇ ಹೇಳಿದಳು. ಪೂರ್ತಿ ಓದಿದ ಮೇಲೆ, "ಅಪ್ಪ, ಎಲ್ಲರೂ ಯಾವಾಗ ನಿಲ್ಲಿಸೋದು ಅಂತಾನೇ ಬರೆದಿದ್ದಾರೆ. ನಾನಿನ್ನೂ ಹರ್ಡಲ್ ನಡುವೆ 17 ಹೆಜ್ಜೆ ಹಾಕ್ತಿದ್ದೀನಿ. 15ಕ್ಕೆ ಬರೋದು ಹೇಗೆ ಅಂತ ದೈಹಿಕ ಶಿಕ್ಷಕರನ್ನ ಕೇಳು" ಎಂದಳು. ಕೇಳುತ್ತಿದ್ದೇನೆ.

ದೈ.ಶಿ. ವಿರಾಜಪೇಟೆ

ಆತುರ ಬೇಡ ಎಂದು ಹೇಳಿ ಸರ್. ನಡುವಿನ ಅಂತರ 35 ಮೀಟರ್. 17ರಿಂದ ನೇರವಾಗಿ 15ಕ್ಕೆ ಹಾರಿದರೆ ಹೆಜ್ಜೆ ಎಳೆದೆಳೆದು ಆರನೇ ಹರ್ಡಲ್ ಹೊತ್ತಿಗೆ ಲಯವೇ ಕೆಡುತ್ತದೆ. ಮೊದಲು 16ಕ್ಕೆ ಬರಬೇಕು. 16 ಎಂದರೆ ಸಮಸಂಖ್ಯೆ, ಪ್ರತಿ ಹರ್ಡಲಿಗೂ ಮುಂದಿನ ಕಾಲು ಬದಲಾಗುತ್ತದೆ. ಈಗ ಯಾವ ಕಾಲು ಮುಂದಿಟ್ಟು ಹಾರುತ್ತಾಳೋ ಅದರ ವಿರುದ್ಧದ ಕಾಲಿನಲ್ಲಿ ಹಾರುವುದನ್ನು ಈ ಮಳೆಗಾಲವಿಡೀ ಕಡಿಮೆ ಎತ್ತರದ ಹರ್ಡಲ್ ಇಟ್ಟು ಕಲಿಯಲಿ. ಎರಡೂ ಕಾಲು ಪಳಗಿದ ಮೇಲೆ ಮೊದಲ ನಾಲ್ಕೈದು ಹರ್ಡಲಿಗೆ 15, ದಣಿದ ಮೇಲೆ 16 ಅಥವಾ 17 ಎಂದು ಹೊಂದಿಸಿಕೊಳ್ಳಬಹುದು. ಅವಳ 200 ಮೀಟರ್ ಸಮಯ ಎಷ್ಟಿದೆ ಎಂದು ತಿಳಿಸಿ, ಮುಂದಿನದನ್ನು ಆಮೇಲೆ ಬರೆಯುತ್ತೇನೆ.